ಬಲತೋಳಿನ ನರ

ಕೈಯೊಳಗಿನ ಸದ್ದು ಬದಲಾಗಿದ್ದು ಗಣೇಶನ ಹಬ್ಬದ ಬೆಳಿಗ್ಗೆ.

ಎರಡೂ ಕಿಡ್ನಿ ಕೈಕೊಟ್ಟ ಮೇಲೆ ನಾನು ಡಯಾಲಿಸಿಸ್‌ನಲ್ಲಿದ್ದೇನೆ. ಅದಕ್ಕೆಂದು ನನ್ನ ಬಲ ಮಣಿಕಟ್ಟಿನಲ್ಲಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದಾರೆ. ಫಿಸ್ಟುಲಾ ಎನ್ನುತ್ತಾರೆ. ಅಲ್ಲಿಂದ ಮೇಲಕ್ಕೆ ರಕ್ತ ಜೋರಾಗಿ ಓಡುತ್ತದೆ, ಸೂಜಿ ಚುಚ್ಚುವುದೂ ಆ ನರಕ್ಕೇ. ಬೆಳಿಗ್ಗೆ ಎದ್ದ ಕೂಡಲೇ ಕೈಯನ್ನು ಕಿವಿಗಿಟ್ಟು ಕೇಳಬೇಕು. ನೀರಿನ ಮೋಟರ್ ಹಾಗೆ ಗುಂಯ್ ಎಂದರೆ ಕ್ಷೇಮ. ಅವತ್ತು ಟಕ್ ಟಕ್ ಎಂದಿತು.

ಎಡಗೈಯದು ಮೊದಲೇ ಮುಚ್ಚಿಹೋಗಿತ್ತು.

ಇದೂ ಹೋದರೆ ಮತ್ತೆ ಕತ್ತಿನ ನರಕ್ಕೆ ಟ್ಯೂಬು. ಆರಂಭದಲ್ಲಿ ಅದನ್ನು ತಿಂಗಳುಗಟ್ಟಲೆ ಇಟ್ಟುಕೊಂಡಿದ್ದೆ. ನೆಮ್ಮದಿಯ ಸ್ನಾನವಿಲ್ಲ, ಸೋಂಕು, ನಡುಕದ ಜ್ವರ. ಸ್ಕೂಲಿಗೆ ಹೋಗುವುದಂತೂ ದೂರದ ಮಾತು. ನಾನು ಗಣಿತ ಕಲಿಸುವವಳು. ಬೋರ್ಡಿನ ಮುಂದೆ ನಿಲ್ಲದೆ ನನಗೆ ಬದುಕಿದ ಹಾಗೆ ಅನ್ನಿಸುವುದಿಲ್ಲ.

ಹಿಂದಿನ ದಿನ ಗೌರಿ ಹಬ್ಬ. ಕೆಂಗೇರಿಯ ನಮ್ಮ ಮನೆ ಬಾಗಿಲಿಗೆ ಬಂದ ಬಳೆಗಾರನನ್ನು ಅತ್ತೆ ಜಗಲಿಯಲ್ಲಿ ಕೂರಿಸಿದರು. ಬಲಗೈಗೆ ಬಳೆ, ವಾಚು ಏನೂ ಕೂಡದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದು ಎಲ್ಲರಿಗೂ ಗೊತ್ತು.

“ಮುತ್ತೈದೆ ಒಂದು ಕೈ ಬೋಳು ಬಿಟ್ಕೊಂಡು ಬಾಗಿನ ಕೊಡೋದಾ? ಪೂಜೆ ಮುಗಿಯೋ ತನಕ ಹಾಕ್ಕೊಳೇ” ಎಂದರು.

ಹಾಕಿಕೊಂಡೆ. ಪೂಜೆ ಮುಗಿಯುವಷ್ಟರಲ್ಲಿ ಕೈ ಊದಿ, ಬಳೆ ಈಚೆ ಬರಲಿಲ್ಲ. ಸೋಪು ಹಚ್ಚಿದೆವು, ಕೊಬ್ಬರಿ ಎಣ್ಣೆ ಹಚ್ಚಿದೆವು. ಒಡೆಯೋಣವೆಂದರೆ ಅತ್ತೆ ಸುತರಾಂ ಒಪ್ಪಲಿಲ್ಲ. ಮಗ ಎದುರಿಗೇ ಗುಂಡುಕಲ್ಲಿನ ಹಾಗೆ ನಿಂತಿರುವಾಗ ಸೊಸೆಯ ಬಳೆ ಒಡೆಯುವುದುಂಟೇ? ಆ ಮಗ, ಅಂದರೆ ನನ್ನ ಯಜಮಾನರು, “ಬೆಳಿಗ್ಗೆ ಊತ ಇಳಿಯುತ್ತೆ ಬಿಡು” ಎಂದು ಟಿವಿ ಹಾಕಿದರು.

ಊತ ಇಳಿಯಲಿಲ್ಲ. ಹಬ್ಬದ ದಿನ ಮೈಸೂರು ರಸ್ತೆಯಲ್ಲಿ ಆಟೊ ನಂಬುವಂತಿಲ್ಲವೆಂದು ಮೆಟ್ರೋ ಹತ್ತಿದೆವು. ಅತ್ತೆಯೂ ಬಂದರು. ಬರಬೇಡಿ ಎಂದರೂ ಕೇಳಲಿಲ್ಲ. ದಾರಿಯುದ್ದಕ್ಕೂ ನನ್ನ ಕೈ ನೋಡುವುದು, ಕಿಟಕಿ ನೋಡುವುದು. ವಿಜಯನಗರದ ಆಸ್ಪತ್ರೆಯಲ್ಲಿ ಸಿಸ್ಟರ್ ಬಳೆಗಳಿಗೆ ಹತ್ತಿಬಟ್ಟೆ ಸುತ್ತಿ ಒಂದೊಂದಾಗಿ ಒಡೆದಾಗ ಮಾತ್ರ ಗೋಡೆಯ ಕಡೆ ತಿರುಗಿಕೊಂಡರು.

ರಕ್ತದ ಓಟ ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿದ ಡಾಕ್ಟರ್ ಹೇಳಿದರು, “ಮೇಲೆ ತೋಳಲ್ಲಿ ತುಂಬಾ ನ್ಯಾರೋ ಆಗಿದೆ ಮೇಡಂ. ಪೂರ್ತಿ ಮುಚ್ಚಿಲ್ಲ. ಬಲೂನ್ ಹಾಕಿ ಅಗಲ ಮಾಡೋಣ.”

“ಆಗ್ದಿದ್ರೆ?”

“ಆಗ್ದಿದ್ರೆ ಕತ್ತಿಗೇ ಹೋಗ್ಬೇಕಾಗುತ್ತೆ.”

ಬಲೂನ್ ಹಾಕುವ ಕೋಣೆಗೆ ಕ್ಯಾತ್‌ಲ್ಯಾಬ್ ಎನ್ನುತ್ತಾರೆ, ಒಳಗೆ ಚಳಿ. ಕೈಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ನರದೊಳಗೆ ತೆಳ್ಳಗಿನ ತಂತಿಯೊಂದನ್ನು ಬಿಟ್ಟರು. ನನಗೆ ಎಚ್ಚರವಿತ್ತು. ಪರದೆಯ ಮೇಲೆ ನನ್ನದೇ ನರ ಕಪ್ಪಗೆ ಕಾಣುತ್ತಿತ್ತು. ಒಂದು ಕಡೆ ಲಂಗದ ಲಾಡಿ ಬಿಗಿದ ಹಾಗೆ ಸಣ್ಣಗಾಗಿತ್ತು. ಎಷ್ಟೋ ತಿಂಗಳಿಂದ ಇಷ್ಟಿಷ್ಟೇ ಬಿಗಿಯುತ್ತಿತ್ತಂತೆ, ನನಗೆ ಒಂದು ಮಾತೂ ತಿಳಿಸದೆ. ಬಲೂನನ್ನು ಅಲ್ಲಿಗೇ ತಂದು ಉಬ್ಬಿಸಿದರು. ಎರಡು ತುದಿ ಉಬ್ಬಿತು, ನಡು ಹಾಗೇ ಉಳಿಯಿತು.

“ಇನ್ನೂ ಪ್ರೆಷರ್ ಕೊಡಿ” ಎಂದರು ಡಾಕ್ಟರ್.

ಇಂಜೆಕ್ಷನ್ ತಾಕದ ಯಾವುದೋ ಆಳದಲ್ಲಿ ನೋವು ಎದ್ದಿತು. ಹದಿನೇಳರ ಮಗ್ಗಿ ಹೇಳಿಕೊಂಡೆ. ಅರ್ಧಕ್ಕೇ ತಪ್ಪಿತು. ಗಣಿತದ ಟೀಚರ್ ಎಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ, ಮಾನ ಉಳಿಯಿತು. ಬಲೂನು ಇಳಿಸಿದರು, ಮತ್ತೆ ಉಬ್ಬಿಸಿದರು. ಒಂದು ಗಳಿಗೆಯಲ್ಲಿ ನಡುವಿನ ಆ ಬಿಗಿತ ಪಕ್ಕನೆ ಬಿಟ್ಟುಕೊಂಡಿತು.

ನರ ತೆರೆದಿತ್ತು.

ಇದನ್ನು ಬರೆಯುವಾಗ ತೋಳಿನ ಕಲೆ ಇನ್ನೂ ಹಸಿರುಗಟ್ಟಿದೆ, ಆದರೆ ಸ್ಕೂಲಿಗೆ ಹೋಗುತ್ತಿದ್ದೇನೆ. ಅವತ್ತು ಇದೆಲ್ಲ ಆಗುತ್ತದೆಂಬ ಧೈರ್ಯವಿರಲಿಲ್ಲ. ಟ್ರಾಲಿಯಲ್ಲಿ ನನ್ನನ್ನು ಈಚೆ ತಂದಾಗ ಅತ್ತೆ ಬೆಂಚಿನ ಅಂಚಿನಲ್ಲಿ ಕೂತಿದ್ದರು. ಬೆಳಿಗ್ಗೆಯಿಂದ ಕಾಫಿಯನ್ನೂ ಮುಟ್ಟಿಲ್ಲವೆಂದು ಯಜಮಾನರು ಹೇಳಿದರು. ಡಾಕ್ಟರ್ ಅತ್ತೆಯ ಹತ್ತಿರವೇ ಹೋಗಿ ನಿಂತರು.

“ಬಳೆಯಿಂದ ಹೀಗಾಗಿಲ್ಲ ಅಮ್ಮ. ಮೇಲೆ ನರ ಕಿರಿದಾಗಿತ್ತು, ಅದಕ್ಕೇ ಕೈ ಊದಿದ್ದು. ಆದ್ರೂ ಇನ್ಮೇಲೆ ಆ ಕೈಗೆ ಬಳೆ ಬೇಡ.”

ಅತ್ತೆ ನಂಬಿದ ಹಾಗೆ ಕಾಣಲಿಲ್ಲ. “ಇನ್ನು ಮುಚ್ಕೊಳಲ್ಲ ತಾನೆ?”

“ಹೇಳಕ್ಕಾಗಲ್ಲ. ಕೆಲವರಿಗೆ ಕೆಲವೇ ತಿಂಗಳಲ್ಲಿ ಮತ್ತೆ ಕಿರಿದಾಗುತ್ತೆ. ಆಗ ಮತ್ತೆ ಬಲೂನ್.”

ಮದುವೆಯಾದಾಗಿನಿಂದ ನಾವಿಬ್ಬರೂ ಹಬ್ಬಕ್ಕೊಂದು ಒಳ್ಳೆಯ ಮಾತಾಡಿದ್ದರೆ ಹೆಚ್ಚು. ಆ ಅತ್ತೆ ಎದ್ದು ಬಂದು, ಸೆರಗು ಸರಿಸಿ, ತಮ್ಮ ಒಣಗಿದ ಕೈಯನ್ನು ಡಾಕ್ಟರ್ ಮುಂದೆ ಚಾಚಿದರು. ನೀಲಿ ನರಗಳು ಎದ್ದು ಕಾಣುತ್ತಿದ್ದವು.

“ನನ್ನವು ಚೆನ್ನಾಗವೆ ನೋಡಿ ಡಾಕ್ಟ್ರೇ. ಈ ವಯಸ್ಸಲ್ಲಿ ನಂಗ್ಯಾಕೆ ಇವು? ಅವಳದು ಮತ್ತೆ ಮುಚ್ಕೊಂಡ್ರೆ ಇದನ್ನ ತೆಗ್ದು ಹಾಕ್ಬಿಡಿ. ಅವಳು ಸ್ಕೂಲಿಗೆ ಹೋಗ್ಬೇಕು.”

ಡಾಕ್ಟರ್ ನಗಲಿಲ್ಲ. ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, “ಸದ್ಯಕ್ಕೆ ಅವರದೇ ನಡೀತಿದೆ ಅಮ್ಮ” ಎಂದರು.

ಬಲೂನಿಗೆ ಬಾರದ ಅಳು ನನಗೆ ಆಗ ಬಂತು. ತಡೆಯಲು ನೋಡಿದೆ, ಆಗಲಿಲ್ಲ.

“ಮೊದ್ಲು ಏನಾದ್ರೂ ತಿನ್ನಿ ಅತ್ತೆ” ಎಂದೆ.

“ನೀನು ತಿಂದ್ಮೇಲೆ” ಎಂದರು.