ಐದನೆಯ ಇದ್ದಿಲು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರಲು ಕಾರಣ, ಆಗ ನಾನು ಫೋನಿನಲ್ಲಿ ತೆಗೆದ ಒಂದು ಫೋಟೊ. ಅದನ್ನು ಅಳಿಸಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ, ಕೈ ಬಂದಿಲ್ಲ. ಆ ದಿನದವರೆಗೆ ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಸಮಾಜಕಾರ್ಯದಲ್ಲಿ ಎಂ.ಎ. ಓದಿದವಳು ನಾನು. ಯಾರು ನೋಡಿದರು, ಯಾವಾಗ ನೋಡಿದರು, ಅದಕ್ಕೆ ಪುರಾವೆ ಏನು ಎಂದು ಕೇಳುವುದೇ ನನ್ನ ಉದ್ಯೋಗ. ನೀವೂ ನನ್ನನ್ನು ಹಾಗೆಯೇ ಕೇಳಬಹುದು. ನನ್ನ ಬಳಿ ಉತ್ತರವಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಆಗ ನಾನು ಬಳ್ಳಾರಿಯ ಗಾಂಧಿನಗರದಲ್ಲಿ ಬಾಡಿಗೆ ಕೋಣೆಯಲ್ಲಿದ್ದು, ಆರೋಗ್ಯ ಸಂಶೋಧನೆ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೆ. ಸಿರುಗುಪ್ಪದ ಆಚೆ, ಹೊಳೆಯ ಕಡೆಗೆ ನಾಯಕ ಜನಾಂಗದವರ ಒಂದು ಹಟ್ಟಿ. ಹೆಚ್ಚಿನವರು ಭತ್ತದ ಗದ್ದೆಯ ಕೂಲಿಗಳು. ಬಸುರಿಯರಿಗೆ ಕಬ್ಬಿಣಾಂಶದ ಮಾತ್ರೆ ಕೊಡುವ, ಮನೆಗೇ ಹೋಗಿ ತಪಾಸಣೆ ಮಾಡುವ ಕಾರ್ಯಕ್ರಮ ಅಲ್ಲಿ ಎರಡು ವರ್ಷ ನಡೆದಿತ್ತು. ಅದರಿಂದ ಉಪಯೋಗ ಆಯಿತೋ ಇಲ್ಲವೋ ಎಂದು ಹಟ್ಟಿಯ ಹೆಂಗಸರೊಂದಿಗೇ ಕೂತು ಅಳೆದು ನೋಡುವುದು ನನ್ನ ಪಾಲಿನ ಕೆಲಸ.

ಶುರುವಿಗೆ ಮುಂಚೆ ಅವರು ಮೂರು ಷರತ್ತು ಹಾಕಿದರು. ಹಟ್ಟಿಯ ಹೆಸರು ಎಲ್ಲೂ ಬರೆಯಬಾರದು. ಬರೆದುಕೊಂಡದ್ದನ್ನೆಲ್ಲ ಹೊರಗೆ ಒಯ್ಯುವ ಮುಂಚೆ ಅವರಿಗೆ ಓದಿ ಹೇಳಬೇಕು. ಹಟ್ಟಿಯ ಸಮಿತಿಯ ಯಾರೇ ಆಗಲಿ 'ಸಾಕು' ಎಂದರೆ ಆ ಕ್ಷಣ ಕೆಲಸ ನಿಲ್ಲಬೇಕು, ಕಾರಣ ಕೇಳಬಾರದು. ಸಮಿತಿಯಲ್ಲಿ ಎಲ್ಲರಿಗಿಂತ ಹಿರಿಯಳು ತಿಪ್ಪಮ್ಮ. ಕಾಗದದ ಮೇಲೆ ಹೆಬ್ಬೆಟ್ಟು ಒತ್ತುತ್ತ ಆಕೆ, "ನೋಡವ್ವ, ಶಾಯಿ ಆರಿದಮ್ಯಾಲ ಮಾತು ಆರಬಾರದು" ಎಂದಿದ್ದಳು.

ಆ ದಿನ ದುರುಗಮ್ಮನ ಗುಡಿಯ ಮುಂದಿನ ಬಯಲಿನಲ್ಲಿ ಆರು ಹೆಂಗಸರು ಕೂಡಿ ಹಟ್ಟಿಯ ನಕ್ಷೆ ಬರೆದರು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಕೊಂಡ ರಂಗೋಲಿ ಪುಡಿಯನ್ನು ನಾನು ಒಯ್ದಿದ್ದೆ. ಮನೆಗೊಂದು ಚೌಕ. ಬಸುರಿ ಇರುವ ಮನೆಗೆ ಅರಿಶಿನದ ಕೊಂಬು, ಎಳೆಮಕ್ಕಳ ಮನೆಗೆ ಕುಂಕುಮ. ಕಳೆದ ವರ್ಷ ಸಾವಾದ ಮನೆಗೆ ಇದ್ದಿಲು ಇಡಬೇಕು, ಅದೂ ಆಯಾ ಮನೆಯ ಒಲೆಯಿಂದಲೇ ತಂದದ್ದಾಗಬೇಕು ಎಂದು ಅವರೇ ತೀರ್ಮಾನಿಸಿದರು. ಇಟ್ಟವರೇ ತೆಗೆಯಬೇಕು, ಬೇರೆಯವರು ಮುಟ್ಟಬಾರದು ಎಂಬ ಕಟ್ಟಳೆಯೂ ಅವರದೇ. ಆ ವರ್ಷ ನಾಲ್ಕು ಸಾವು. ನಾಲ್ಕು ಮನೆಯವರು ಒಂದೊಂದು ತುಂಡು ಇದ್ದಿಲು ತಂದು ಇಟ್ಟು ಹೋದರು.

ಎಲ್ಲ ಮುಗಿದಾಗ ನೋಡಿದರೆ ಐದು ಇದ್ದಿಲು. ಐದನೆಯದು ಹುಲಿಗೆಮ್ಮನ ಮನೆಯ ಚೌಕದ ನಟ್ಟನಡುವೆ, ಅರಿಶಿನದ ಕೊಂಬಿನ ಪಕ್ಕ ಇತ್ತು. ಹುಲಿಗೆಮ್ಮ ನನ್ನ ಜೊತೆ ಮನೆಮನೆ ತಿರುಗಿ ಮಾಹಿತಿ ಬರೆದುಕೊಳ್ಳುತ್ತಿದ್ದ ಹಟ್ಟಿಯ ಹೆಂಗಸು. ಆಕೆಯ ಸೊಸೆ ಲಕ್ಷ್ಮಿ ಆಗ ಎಂಟು ತಿಂಗಳ ಬಸುರಿ, ಅವಳೂ ಅತ್ತೆಯ ಜೊತೆ ಬಂದಿದ್ದಳು.

"ಯಾಕಿ ಇಟ್ಟಾಕಿ ಲೇ ಇದನ್ನ?" ಎಂದು ಹುಲಿಗೆಮ್ಮ ನಕ್ಕಳು. "ನಾ ಇನ್ನಾ ಸತ್ತಿಲ್ಲ, ಇಲ್ಲೇ ಅದೀನಿ. ನಮ್ಮ ಮನ್ಯಾಗ ಗ್ಯಾಸು ಬಂದು ಎರಡು ವರ್ಸ ಆತು, ಇದ್ದಿಲು ಎಲ್ಲಿಂದ ಬಂತು?"

"ನಿನ್ನ ಬಾಯಿಗೆ ಅಂಜಿ ಯಮ ಗುರುತು ಅಷ್ಟ ಇಟ್ಟು ಓಡಿಹೋಗ್ಯಾನ" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ತಿಪ್ಪಮ್ಮ ನಗಲಿಲ್ಲ. ಒಬ್ಬೊಬ್ಬರನ್ನೇ ಕೇಳಿದಳು. ನಾನಲ್ಲ, ನಾನಲ್ಲ ಎಂದೇ ಎಲ್ಲರೂ ಹೇಳಿದರು.

ಹೆಂಗಸರು ಗುಡಿಯ ಹಿಂದೆ ಚಹಾಕ್ಕೆ ಹೋದಾಗ ನಾನು ಮಾಡಬಾರದ ಕೆಲಸ ಮಾಡಿದೆ. ತಪ್ಪು ಮಾಹಿತಿ ಕಂಡರೆ ತಿದ್ದುವುದು ನನ್ನ ಕೈಗೆ ಅಂಟಿದ ಚಾಳಿ. ಆ ಇದ್ದಿಲನ್ನು ಎರಡು ಬೆರಳಿನಲ್ಲಿ ಎತ್ತಿ ಪಕ್ಕದಲ್ಲಿದ್ದ ಖಾಲಿ ಮೊರದಲ್ಲಿ ಹಾಕಿದೆ. ನಕ್ಷೆಯನ್ನು ಒಂದು ಸುತ್ತು ಬಂದು ಗುಡಿಯ ಕಟ್ಟೆ ಹತ್ತಿ ಫೋಟೊ ತೆಗೆದೆ. ಬಯಲಿನಲ್ಲಿ ನನ್ನ ಹೊರತು ಯಾರೂ ಇರಲಿಲ್ಲ. ಸರಿಯಾಗಿ ಬಂದಿದೆಯೇ ಎಂದು ಫೋಟೊ ನೋಡಿದರೆ, ಹುಲಿಗೆಮ್ಮನ ಚೌಕದಲ್ಲಿ ಇದ್ದಿಲು. ಕಣ್ಣು ತಪ್ಪಿತೇನೋ ಎಂದು ಕೆಳಗೆ ಇಳಿದು ಬಂದೆ. ನೆಲದ ಮೇಲೂ ಇತ್ತು. ಮೊರದಲ್ಲಿ ನಾನು ಹಾಕಿದ ತುಂಡೂ ಹಾಗೆಯೇ ಇತ್ತು.

ಆದರೂ ಯಾರೋ ಚೇಷ್ಟೆ ಮಾಡುತ್ತಿದ್ದಾರೆ ಎಂದೇ ಅಂದುಕೊಂಡೆ, ಆ ಚೇಷ್ಟೆಗೆ ಸಿಟ್ಟೂ ಬಂತು. ತಿಪ್ಪಮ್ಮ ಬಂದು ಎರಡೂ ತುಂಡುಗಳನ್ನು ನೋಡಿ, "ಇವತ್ತಿಗೆ ಸಾಕು. ಕೆಲಸ ನಿಲ್ಲಸ್ರಿ" ಎಂದಳು.

ಅಂದಿಗೆ ಉಳಿದದ್ದು ಒಂದೇ ಸಂದರ್ಶನ, ಲಕ್ಷ್ಮಿಯದು. ವಾರದೊಳಗೆ ವರದಿ ಕೊಡಬೇಕಿತ್ತು. ತಿಪ್ಪಮ್ಮ ಗುಡಿಯೊಳಗೆ ಹೋದದ್ದನ್ನು ನೋಡಿ, "ಹತ್ತು ನಿಮಿಷ ಅಷ್ಟೇ" ಎಂದು ಲಕ್ಷ್ಮಿಯನ್ನು ಒಪ್ಪಿಸಿ ಅವರ ಮನೆಗೇ ಕರೆದುಕೊಂಡು ಹೋದೆ. ಅವಳು ಅಂಗಳದಲ್ಲೇ ಕೂರೋಣ ಎಂದಳು. ನಾನು ಕೇಳಲಿಲ್ಲ. ಬಸುರಿಯೊಂದಿಗಿನ ಮಾತು ಬೇರೆಯವರ ಕಿವಿಗೆ ಬೀಳಬಾರದು ಎಂಬುದು ನಮ್ಮ ಕೆಲಸದ ನಿಯಮ. ಒಳ್ಳೆಯ ನಿಯಮವೇ. ಅದನ್ನು ಪಾಲಿಸಲೆಂದು ಒಳಗೆ ಕೂರಿಸಿ ಬಾಗಿಲು ಹಾಕಿ ನಾನೇ ಚಿಲಕ ಹಾಕಿದೆ. ಆ ಚಿಲಕದ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

ಹಳೆಯ ಮಾಳಿಗೆ ಮನೆ ಅದು. ಛಾವಣಿಗೆ ಕಟ್ಟಿಗೆಯ ತೊಲೆ, ಅದರ ಮೇಲೆ ಮೊಣಕಾಲುದ್ದ ಮಣ್ಣು. ಹಿಂದಿನ ವಾರವೆಲ್ಲ ಮಳೆ ಬಿದ್ದಿತ್ತು. ಲಕ್ಷ್ಮಿ ಗೋಡೆಗೆ ಬೆನ್ನು ಕೊಟ್ಟು, ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಅದಕ್ಕೇ ಒಂದೊಂದು ದಿನ ಅತ್ತೆಗೆ ಗೊತ್ತಾಗದ ಹಾಗೆ ಹಿತ್ತಲಲ್ಲಿ ಎಸೆಯುತ್ತೇನೆ ಎಂದು ಹೇಳುತ್ತಿದ್ದಳು. ಅಷ್ಟರಲ್ಲಿ ಯಾರೋ ಬಾಗಿಲು ದಬದಬ ಬಡಿದರು.

"ತೆಗೀ ಬಾಗಲಾ! ಹೆಬ್ಬಟ್ಟು ಒತ್ತಿಸಿಕೊಂಡಾಗ ಏನಂದಿದ್ದಿ ನೀನು? ಸಾಕು ಅಂದ್ರ ಸಾಕು. ನಮ್ಮ ಮಾತಿಗೆ ಬೆಲಿ ಇಲ್ಲೇನು?"

ತಿಪ್ಪಮ್ಮನ ದನಿ. ನಾಚಿಕೆಯೂ ಸಿಟ್ಟೂ ಕೂಡಿ ಬಂದವು. ಚಿಲಕ ತೆಗೆದೆ. ಆಕೆ ಒಳಗೆ ಬಂದು ಲಕ್ಷ್ಮಿಯ ರಟ್ಟೆ ಹಿಡಿದು ಎಬ್ಬಿಸಿ ಹೊರಗೆ ಕರೆದೊಯ್ದಳು. ನಾನು ಕಾಗದ ಜೋಡಿಸಿಕೊಳ್ಳಲು ಬಗ್ಗಿದೆ. "ನೀನೂ ಬಾರೇ, ಶಾಣ್ಯಾಕಿ!" ಎಂದು ಬೈದಳು. ಆ ಬೈಗುಳಕ್ಕೆ ಕಾಗದ ಅಲ್ಲಿಯೇ ಬಿಟ್ಟು ಎದ್ದೆ. ಅಂಗಳದ ನಡುವೆ ಬಂದಿದ್ದೆವು, ಹಿಂದೆ ಲಟ್ ಎಂದು ಸದ್ದಾಯಿತು. ತೊಲೆ ಮುರಿದಿತ್ತು. ತಿರುಗಿ ನೋಡಿದಾಗ ಬಾಗಿಲಿನಿಂದ ಕೆಂಪು ಧೂಳು ಹೊಗೆಯ ಹಾಗೆ ಹೊರಗೆ ಬರುತ್ತಿತ್ತು. ಲಕ್ಷ್ಮಿ ಬೆನ್ನು ಕೊಟ್ಟು ಕೂತಿದ್ದ ಜಾಗದಲ್ಲಿ ಎದೆಯುದ್ದ ಮಣ್ಣು.

ನಾನು ಚಿಲಕ ಹಾಕಿದ್ದೆ. ಯಾರಿಗೂ ಏನೂ ಆಗಲಿಲ್ಲ. ಆದರೆ ನಾನು ಚಿಲಕ ಹಾಕಿದ್ದೆ.

ಮಾಳಿಗೆ ಯಾಕೆ ಬಿತ್ತು ಎನ್ನುವುದು ಅರ್ಥವಾಗುತ್ತದೆ. ನೆನೆದ ಮಣ್ಣಿನ ಭಾರ, ಗೆದ್ದಲು ತಿಂದ ತೊಲೆ. ನನಗೆ ಅರ್ಥವಾಗದ್ದು ಇದ್ದಿಲು. ಆರು ಹೆಂಗಸರನ್ನೂ ಒಬ್ಬೊಬ್ಬರಾಗಿ ಕೇಳಿದೆ. ಸಾವಾದ ನಾಲ್ಕು ಮನೆಗಳಿಗೂ ಹೋದೆ. ಒಂದಕ್ಕಿಂತ ಹೆಚ್ಚು ಯಾರೂ ಇಟ್ಟಿರಲಿಲ್ಲ. ಆಫೀಸಿನಲ್ಲಿ ಫೋಟೊ ತೋರಿಸಿದರೆ, "ನೀನು ಎತ್ತಿದೆ ಅಂದುಕೊಂಡಿದ್ದೀಯ, ಎತ್ತಿರಲಿಕ್ಕಿಲ್ಲ" ಎಂದರು. ಹಾಗಾದರೆ ಮೊರದಲ್ಲಿ ಇದ್ದದ್ದು ಯಾವುದು?

ನಿಜವಾದ ಭಯ ಶುರುವಾದದ್ದು ಆಮೇಲೆ. ನಕ್ಷೆಯಲ್ಲಿ ಇದ್ದಿಲು ಎಂದರೆ ಸಾವಿನ ಗುರುತು. ಆ ಮನೆಯಲ್ಲಿ ಯಾರೂ ಸಾಯಲಿಲ್ಲ. ಹಾಗಾದರೆ ಆ ಗುರುತಿನ ಲೆಕ್ಕ ಮುಗಿಯಿತೋ, ಇನ್ನೂ ಬಾಕಿ ಇದೆಯೋ? ಲಕ್ಷ್ಮಿಯ ಹೆರಿಗೆಗೆ ಇನ್ನೂ ಒಂದು ತಿಂಗಳಿತ್ತು. ರಾತ್ರಿ ಕಣ್ಣು ಮುಚ್ಚಿದರೆ ಮಣ್ಣು ಉದುರುವ ಸದ್ದು. ಎದ್ದು ದೀಪ ಹಾಕಿ ಕೋಣೆಯ ಛಾವಣಿ ನೋಡುತ್ತಿದ್ದೆ. ಗಟ್ಟಿ ಕಾಂಕ್ರೀಟು. ಆದರೂ ಹಾಸಿಗೆಯನ್ನು ಬಾಗಿಲ ಬಳಿಗೆ ಎಳೆದುಕೊಂಡೆ, ಚಿಲಕ ಹಾಕುವುದನ್ನು ಬಿಟ್ಟೆ. ಹುಲಿಗೆಮ್ಮನ ಫೋನು ಬಂದರೆ ನಾಲ್ಕೈದು ಸಲ ಬಡಿದುಕೊಳ್ಳಲು ಬಿಟ್ಟು ಆಮೇಲೆ ಎತ್ತುತ್ತಿದ್ದೆ.

ತಡೆಯಲಾರದೆ ಒಂದು ದಿನ ಕುರುಗೋಡಿನ ಬಸ್ಸು ಹಿಡಿದು, ಅಲ್ಲಿಂದ ಸಿರುಗುಪ್ಪಕ್ಕೆ, ಮುಂದೆ ಹಟ್ಟಿಗೆ ಹೋದೆ. ತಿಪ್ಪಮ್ಮನನ್ನು ನೇರವಾಗಿ ಕೇಳಿದೆ, "ಅಜ್ಜಿ, ಅದು ಮುಗೀತಾ?"

"ನನಗೇನ್ ಗೊತ್ತವ್ವ? ಇದ್ದಿಲು ನಾ ಇಟ್ಟೀನೇನು?" ಎಂದಳು. ಆಮೇಲೆ, "ನೀನು ಕಾಗದದಾಗ ಏನಂತ ಬರದಿ?" ಎಂದು ಕೇಳಿದಳು.

ಮಣ್ಣಿನಡಿ ಹೋದ ಕಾಗದದ ಬದಲು ಆಮೇಲೆ ತುಂಬಿದ್ದ ಫಾರಮನ್ನು ಚೀಲದಿಂದ ತೆಗೆದೆ. ಅರ್ಧಕ್ಕೆ ನಿಂತ ಸಂದರ್ಶನಕ್ಕೆ ಕಾರಣ ತುಂಬುವ ಜಾಗದಲ್ಲಿ 'ಉತ್ತರಿಸಲು ನಿರಾಕರಿಸಿದರು' ಎಂದು ಬರೆದಿದ್ದೆ. ಓದಿ ಹೇಳಿದೆ.

"ಸುಳ್ಳು" ಎಂದಳು ತಿಪ್ಪಮ್ಮ. "ಆ ಹುಡುಗಿ ನಿರಾಕರಿಸಿಲ್ಲ. ನಾವು ನಿಲ್ಸು ಅಂದ್ವಿ, ನೀನು ನಿಲ್ಲಸಲಿಲ್ಲ. ಹಂಗ ಬರಿ."

ಹಾಗೆಯೇ ಬರೆದೆ. ವರದಿಯಲ್ಲಿ ನಕ್ಷೆಯನ್ನು ಐದು ಇದ್ದಿಲುಗಳ ಸಮೇತ ಸೇರಿಸಿ, ಐದನೆಯದನ್ನು ಇಟ್ಟವರು ಯಾರೆಂದು ತಿಳಿಯಲಿಲ್ಲ ಎಂದು ಕೆಳಗೆ ಟಿಪ್ಪಣಿ ಹಾಕಿದೆ. ಮೇಲಿನವರು ಅದನ್ನು ತೆಗೆಯಲು ಹೇಳಿದರು. ಹಟ್ಟಿಯವರು ಒಪ್ಪದೆ ತೆಗೆಯುವಂತಿಲ್ಲ ಎಂದೆ. ಹಟ್ಟಿಯವರು ಒಪ್ಪಲಿಲ್ಲ. ಟಿಪ್ಪಣಿ ಉಳಿಯಿತು. ಇದರಿಂದ ನನಗೆ ನಿದ್ದೆಯೇನೂ ಬರಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ಹುಲಿಗೆಮ್ಮನ ಫೋನು. ಹಿಂದೆ ಆಸ್ಪತ್ರೆಯ ಗದ್ದಲ. "ಮೇಡಂ, ಹೆಣ್ಣು ಆತ್ರಿ. ತೂಕ ಚಲೋ ಐತಿ. ನಿಮ್ಮ ಫಾರಮಿನ್ಯಾಗ ಬರ್ಕೊಳ್ರಿ."

"ಲಕ್ಷ್ಮಿ?" ಎಂದೆ.

"ಆಕಿಗೇನಾಗೇತಿ? ಇಡ್ಲಿ ತಣ್ಣಗಾಗ್ಯಾವ ಅಂತ ನನಗ ಬೈಯಾಕತ್ತಾಳ."

ಐದನೆಯ ಇದ್ದಿಲು ಯಾರದೆಂದು ನನಗೆ ಈಗಲೂ ತಿಳಿಯದು. ಎಚ್ಚರಿಸಲು ಬಂದದ್ದೋ, ಕರೆಯಲು ಬಂದದ್ದೋ ಅದೂ ತಿಳಿಯದು. ಆ ಗುರುವಾರ ಸಂಜೆ ಅನ್ನ ಮಾಡಿಕೊಂಡು ಉಂಡು, ಸುಮ್ಮನೆ ಅಡ್ಡಾಗೋಣವೆಂದು ಒರಗಿದೆ. ಕಣ್ಣು ತೆರೆದಾಗ ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತಿದ್ದ, ಶುಕ್ರವಾರದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು.