ಬೇಳೆ ಬೇಯದ ಬಾವಿ

ಕುಕ್ಕರಿನ ಎರಡನೆಯ ಸೀಟಿಗೇ ತೊಗರಿಬೇಳೆ ಬೆಂದು ಕರಗಿದ ವಾಸನೆ ಬಂದರೆ ಇವತ್ತಿಗೂ ನಾನು ಕೈಯಲ್ಲಿದ್ದ ಕೆಲಸ ಬಿಟ್ಟುಬಿಡುತ್ತೇನೆ. ಚಿಕ್ಕೋಡಿಯ ಈ ಮನೆಯ ನಳದ ನೀರಿನಲ್ಲಿ ಬೇಳೆ ಬೇಯಿಸುವುದು ಒಂದು ಕೆಲಸವೇ ಅಲ್ಲ. ಇಷ್ಟು ಸಣ್ಣ ಕೆಲಸಕ್ಕಾಗಿ ನಮ್ಮವ್ವ ವರ್ಷಗಟ್ಟಲೆ ಬೈಸಿಕೊಂಡಳಲ್ಲ ಎಂದು ಒಲೆಯ ಮುಂದೆ ನಿಂತು ಸುಮ್ಮನೆ ಸಿಟ್ಟಾಗುತ್ತೇನೆ. ಯಾರ ಮೇಲೆ ಎಂದು ಕೇಳಬೇಡಿ.

ಉಗಾರ ಬುದ್ರುಕದ ನಮ್ಮ ಮನೆಯ ಹಿತ್ತಲಲ್ಲಿ ಕಲ್ಲು ಕಟ್ಟಿದ ಬಾವಿಯಿತ್ತು. ಸುತ್ತಲಿನ ಓಣಿಗಳಿಗೆಲ್ಲ ಅದರದೇ ಸಿಹಿ ನೀರು. ಅದರ ಯಜಮಾನಿಕೆ ನಮ್ಮ ಆಯಿಯದು, ಅಂದರೆ ಅಪ್ಪನ ತಾಯಿಯದು. ಸುತ್ತಮುತ್ತ ಯಾರು ಬಾವಿ ತೋಡಿದರೂ, ಬೋರು ಹಾಕಿಸಿದರೂ ಮೊದಲ ತಂಬಿಗೆ ನೀರು ಆಯಿಯ ಮುಂದೆ ಬರುತ್ತಿತ್ತು. ಆಕೆ ಒಂದು ಗುಟುಕು ಬಾಯಲ್ಲಿ ತಿರುಗಿಸಿ, ಕಣ್ಣು ಮುಚ್ಚಿ, ಆಮೇಲೆ ಆ ನೀರಿನಲ್ಲಿ ಒಂದು ಹಿಡಿ ಬೇಳೆ ಬೇಯಿಸಿ ಹೆಬ್ಬೆರಳಿನಿಂದ ಒತ್ತಿ ನೋಡುವಳು. ಬೇಳೆ ಬೆಣ್ಣೆಯಾದರೆ ನೀರು ಸಿಹಿ, ಕಾಳಾಗಿಯೇ ಉಳಿದರೆ ಸವಳು. ಆಯಿ ಹೇಳಿದ ಮೇಲೆ ಮತ್ತೆ ಮಾತಿಲ್ಲ. ನಾನು ಫ್ರಾಕಿನ ಹುಡುಗಿ, ಆಕೆಯ ಪಕ್ಕದಲ್ಲಿ ಕೂತು ನಾನೂ ಕಣ್ಣು ಮುಚ್ಚಿ ನೀರು ತಿರುಗಿಸಿ, ಕೊನೆಗೆ ಕೆಮ್ಮುತ್ತಿದ್ದೆ.

ಅಜ್ಜನ ಕಾಲದಲ್ಲಿ ಜೋಳ ಬೆಳೆಯುತ್ತಿದ್ದ ಹೊಲಕ್ಕೆ ಅಪ್ಪ ಹೊಳೆಯಿಂದ ಪೈಪು ಎಳೆಸಿ ಕಬ್ಬು ಹಚ್ಚಿದ. ನೀರು ಬಿಟ್ಟಷ್ಟೂ ಕಬ್ಬು ಎಂದು ನಂಬಿ, ಹೊಲ ಕೆರೆಯಾಗುವಂತೆ ಹರಿಸಿದೆವು. ಎಲ್ಲರೂ ಹಾಗೆಯೇ ಮಾಡಿದರು. ನೆಲದ ಹೊಟ್ಟೆಯಲ್ಲಿ ಮಲಗಿದ್ದ ಉಪ್ಪು ಆ ನೀರಿನಲ್ಲಿ ಕರಗಿ ಮೇಲೆದ್ದು ಬಂತು. ಹೊಲದ ಬದುವಿನ ಅಂಚಿಗೆ ಬೆಳ್ಳಗೆ ಸುಣ್ಣ ಚೆಲ್ಲಿದಂತೆ ಕಾಣಿಸಿಕೊಂಡಾಗ ಗೊಬ್ಬರ ಉದುರಿರಬೇಕು ಅಂದುಕೊಂಡೆವು. ಬಾವಿಯೊಳಗೂ ಅದು ಇಳಿಯುತ್ತಿದೆ ಎಂದು ಯಾರಿಗೂ ಹೊಳೆಯಲಿಲ್ಲ. ದಿನಾ ಕುಡಿಯುವವರ ನಾಲಿಗೆಯೂ ನೀರಿನ ಜೊತೆಗೇ ಒಂದೊಂದು ಹರಳು ಬದಲಾಗುತ್ತ ಹೋಗಿತ್ತು, ಆಯಿಯದೂ ಸಹ.

ಬೇಳೆ ಮಾತ್ರ ಬೇಯಲೊಲ್ಲದು. ಹಳೆಯ ಬೇಳೆ ಎಂದು ಅಂಗಡಿ ಬದಲಿಸಿದೆವು. ಸಾಬೂನು ನೊರೆ ಬಿಡದಿದ್ದರೆ ಸಾಬೂನು ಕಳಪೆ, ಹಂಡೆಯೊಳಗೆ ಬಿಳಿ ಪೊರೆ ಕಟ್ಟಿದರೆ ಅವ್ವ ತಿಕ್ಕುವುದೇ ಇಲ್ಲ ಎಂದು ಆಯಿಯ ಬೈಗುಳ. ಅವ್ವ ಚಿಟಿಕೆ ಸೋಡಾ ಹಾಕಿ, ಕಟ್ಟಿಗೆ ಮೇಲೆ ಕಟ್ಟಿಗೆ ಒಟ್ಟಿ, ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಕೂರುತ್ತಿದ್ದಳು. ಒಮ್ಮೆ ಮಾತ್ರ, "ನೀರ ಯಾಕೋ ಸವಳ ಆಗೇತಿ ಅನಸ್ತೈತ್ರಿ ಅತ್ತಿ" ಅಂದಳು. ಆಯಿ ಮನೆಗೆ ಬಂದವರೆದುರಿಗೇ, "ಕುಣಿಯಾಕ ಬರದಾಕಿ ನೆಲ ಡೊಂಕ ಅಂದ್ಲಂತ!" ಎಂದು ನಕ್ಕಳು. ನಾನೂ ನಕ್ಕೆ. ಆ ನಗು ನನಗೆ ಇಂದಿಗೂ ಚುಚ್ಚುತ್ತದೆ.

ಭೋಜ ಎಂಬ ಊರಿಗೆ ಕೊಟ್ಟಿದ್ದ ಸೋದರತ್ತೆ ವರ್ಷಕ್ಕೊಮ್ಮೆ ನಾಗರ ಪಂಚಮಿಗೆ ತವರಿಗೆ ಬರುತ್ತಿದ್ದಳು. ಬಂದವಳೇ ನೀರು ಕುಡಿದು ಮುಖ ಕಿವುಚುತ್ತಿದ್ದಳು, ತಾಯಿಗೆ ನೋವಾದೀತೆಂದು ಸುಮ್ಮನಿರುತ್ತಿದ್ದಳು. ಒಂದು ಪಂಚಮಿಗೆ ಎಣ್ಣೆಯ ಖಾಲಿ ಕ್ಯಾನಿನಲ್ಲಿ ತನ್ನೂರ ನೀರು ತುಂಬಿಕೊಂಡು ಬಸ್ಸಿಳಿದಳು. ಒಂದೇ ಚೀಲದ ಬೇಳೆಯನ್ನು ಎರಡು ಪಾತ್ರೆಗೆ ಹಾಕಿ, ಒಂದಕ್ಕೆ ಭೋಜದ ನೀರು, ಇನ್ನೊಂದಕ್ಕೆ ನಮ್ಮ ಬಾವಿಯದು ಸುರಿದು ಒಲೆಗಿಟ್ಟಳು. ಒಂದು ಪಾತ್ರೆಯಲ್ಲಿ ಬೇಳೆ ಕರಗಿ ಹೋಯಿತು. ಇನ್ನೊಂದರಿಂದ ಆಯಿ ಒಂದು ಕಾಳು ತೆಗೆದು ಒತ್ತಿದಳು. ಅದು ಹೆಬ್ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು. ಆಯಿ ಬಗ್ಗಿ ಅದನ್ನು ಹೆಕ್ಕಿ ಮತ್ತೊಮ್ಮೆ ಒತ್ತಿದಳು.

"ಕಸ್ತೂರಿ," ಎಂದು ಅವ್ವನ ಹೆಸರು ಹಿಡಿದು ಕರೆದಳು ಆಮೇಲೆ. "ಇಷ್ಟ ವರ್ಸ ನಿನಗ ಅಂದದ್ದೆಲ್ಲಾ ಬಾವಿಗಿ ಅನಬೇಕಿತ್ತವಾ."

"ಬಾವಿ ಏನ್ ಮಾಡೀತ್ರಿ ಅತ್ತಿ, ನೀರ ಹಾಯಿಸಿದವ್ರು ನಾವ," ಅಂದಳು ಅವ್ವ. ಅಪ್ಪ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ನಮಗೆ ಆ ನೀರೂ ಉಪ್ಪಾಗಿತ್ತು.

ಆಮೇಲೆ ತಂಬಿಗೆ ಹಿಡಿದು ಬಂದವರನ್ನು ಆಯಿ, "ನನ್ನ ನಾಲಿಗಿ ಕೆಟ್ಟೈತಿ, ಬ್ಯಾರೆ ಕಡೆ ತೋರಸ್ರಿ" ಎಂದು ಕಳಿಸಿಬಿಡುತ್ತಿದ್ದಳು. ಬಾವಿಯ ಮೇಲೆ ಕಲ್ಲುಚಪ್ಪಡಿ ಬಿತ್ತು. ಮನೆಗೆ ಫಿಲ್ಟರ್ ನೀರಿನ ಕ್ಯಾನು ಬಂತು. ನಾನು ಕಾಲೇಜು ಮುಗಿಸುವ ಹೊತ್ತಿಗೆ ಆಯಿ ಹಾಸಿಗೆ ಹಿಡಿದಿದ್ದಳು, ಚಪ್ಪಡಿ ಮುಚ್ಚಿದ್ದೂ ಆಕೆಗೆ ಮರೆತುಹೋಗಿತ್ತು. ಲೋಟ ತುಟಿಗೆ ಹಿಡಿದರೆ, "ಇದ ಸಪ್ಪಗೈತಿ. ಯಾರ ಮನೀದ? ನಮ್ಮ ಬಾವೀದ ತಾ" ಎಂದು ಮುಖ ತಿರುಗಿಸುವಳು. ಎರಡು ದಿನ ಹನಿ ನೀರೂ ಇಳಿಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವ್ವ ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ತೆರೆದದ್ದು ನಾನು ನೋಡಿದೆ. ಲೋಟದಲ್ಲಿದ್ದ ಕ್ಯಾನಿನ ನೀರಿಗೆ ಎರಡೇ ಹರಳು. ಬೆರಳಿನಿಂದ ಕಲಕಿ, ತಾನು ಒಂದು ಗುಟುಕು ಬಾಯಲ್ಲಿ ತಿರುಗಿಸಿ, ಥೇಟ್ ಆಯಿಯಂತೆ ಕಣ್ಣು ಮುಚ್ಚಿ ನೋಡಿ, ಇನ್ನೊಂದು ಹರಳು ಹಾಕಿದಳು. ಆಯಿ ಗಟಗಟ ಕುಡಿದಳು. "ಹೂಂ. ಇದ ನೋಡ ನಮ್ಮ ನೀರ. ಎಷ್ಟ ಸಿಹಿ ಐತಿ."

"ಹೌದ್ರಿ ಅತ್ತಿ," ಅಂದಳು ಅವ್ವ, ಸೆರಗಿನಿಂದ ಆಕೆಯ ಗದ್ದ ಒರೆಸುತ್ತ.

ಲೋಟದ ತಳದಲ್ಲಿ ಉಳಿದಿದ್ದನ್ನು ನಾನು ಕುಡಿದೆ. ನಾನು ಹುಟ್ಟಿ ಬೆಳೆದ ಮನೆಯ ನೀರಿನ ರುಚಿ ಅದೇ ಆಗಿತ್ತು. ಬಾವಿ ನಿಜಕ್ಕೂ ಸಿಹಿಯಾಗಿದ್ದಾಗ ಅದರ ರುಚಿ ಹೇಗಿತ್ತೋ, ಅದು ನನ್ನ ನಾಲಿಗೆಗೆ ನೆನಪಿಲ್ಲ.