ಪರೀಕ್ಷೆ ಸಿಸ್ಟರ್

ಕೊರೋನಾ ವಾರ್ಡಿನ ನಮ್ಮ ಪರೀಕ್ಷೆ ಸಿಸ್ಟರ್ ಮಂಗಳವಾರ ಬೆಳಿಗ್ಗೆ ತೀರಿಕೊಂಡರು. ಹೊಸ ರೋಗಿ ಬಂದರೆ ಎದೆಯ ಎಕ್ಸ್‌ರೇಗೂ ಮೊದಲು ಅವರು ಹಾಳೆ ಹಿಡಿದು ಹಾಜರು: ನೀವೇ ಉಣ್ಣುತ್ತೀರಾ, ಸ್ನಾನ ಮಾಡುತ್ತೀರಾ, ಮೆಟ್ಟಿಲು ಹತ್ತುತ್ತೀರಾ? ಹತ್ತು ಪ್ರಶ್ನೆ, ನೂರು ಅಂಕ. ಉಸಿರು ಸರಿಯಿದ್ದಂತೆ ಕಂಡರೂ ಕಡಿಮೆ ಅಂಕದವರ ಸ್ಥಿತಿಯೇ ಬೇಗ ಕೈಮೀರುತ್ತದೆಂದು ಬಲ್ಲ ಸಿಸ್ಟರ್, ಅಂಥವರ ಮಂಚವನ್ನು ತಮ್ಮ ಮೇಜಿನ ಪಕ್ಕಕ್ಕೇ ಎಳೆಸುತ್ತಿದ್ದರು. ಗಂಡಸರ ಮಾತನ್ನಂತೂ ನಂಬುತ್ತಲೇ ಇರಲಿಲ್ಲ. "ಎಲ್ಲಾ ನಾನೇ ಮಾಡ್ಕೋತೀನಿ" ಎಂದು ಎದೆಯುಬ್ಬಿಸಿದ ನಿವೃತ್ತ ಹೆಡ್‌ಮಾಸ್ಟರರ ಎದುರಿಗೇ ಅವರ ಹೆಂಡತಿಗೆ ಫೋನು ಹೋಯಿತು. "ಇವರಾ? ಟವೆಲ್ ಕೊಡದಿದ್ರೆ ಬಚ್ಚಲಲ್ಲೇ ಸಂಸಾರ ಹೂಡ್ತಾರೆ ಕಣಮ್ಮ. ಬೆನ್ನುಜ್ಜೋದೂ ನಾನೇ." "ಸ್ನಾನಕ್ಕೆ ಸೊನ್ನೆ ಸಾರ್," ಎಂದು ಸಿಸ್ಟರ್ ಗಂಭೀರವಾಗಿ ಬರೆದುಕೊಂಡರು. ಮೇಷ್ಟ್ರು ಮರುಎಣಿಕೆಗೆ ಅರ್ಜಿ ಹಾಕುತ್ತೇನೆಂದು ಹಾರಾಡಿದರು. ಹೆಂಡತಿಯ ಉತ್ತರಗಳಿಂದ ಅಂಕ ಇಳಿದು ಅವರ ಮಂಚವೂ ಮೇಜಿನ ಪಕ್ಕಕ್ಕೆ ಬಂತು. ಮೂರನೆಯ ದಿನ ಅವರ ತುಟಿ ನೀಲಿಯಾದದ್ದು ಸಿಸ್ಟರಿಗೆ ಮೇಜಿನಿಂದಲೇ ಕಂಡದ್ದರಿಂದ ಬದುಕಿ ಮನೆಗೆ ಹೋದರು. ಕೊನೆಗೆ ಸಿಸ್ಟರೇ ಅದೇ ವಾರ್ಡಿನಲ್ಲಿ ಮಲಗಿದಾಗ ಹಾಳೆ ಅವರು ಪಳಗಿಸಿದ್ದ ಕಿರಿಯ ನರ್ಸಿನ ಕೈಗೆ ಬಂತು. ಅವಳು ಒಂದೂ ಪ್ರಶ್ನೆ ಕೇಳದೆ ನೂರಕ್ಕೆ ನೂರು ಬರೆದುಬಿಟ್ಟಳು. ಸಿಸ್ಟರ್ ಕಣ್ಣು ತೆರೆದು ಹಾಳೆ ಕೇಳಿ ಪಡೆದರು. "ಮಾರ್ಕ್ಸ್ ದಾನ ಮಾಡ್ತೀಯೇನೇ? ಬೆಳಿಗ್ಗೆ ನನ್ನ ಅಂಗಿ ಗುಂಡಿ ಹಾಕಿದ್ದು ನೀನೇ ತಾನೆ?" ಎಂದು, ಪೆನ್ನು ಹಿಡಿದು, ನೂರನ್ನು ಹೊಡೆದು ಹಾಕಿ, ಮೂವತ್ತು ಎಂದು ಬರೆದು ಸಹಿ ಮಾಡಿದರು.